ಅಜಿರ್ ಆಗಿಹೋದ ಅರ್ಜಿ

ಹೋಟಗಿ ಕಡೆಯಿಂದ ವಿಜಯಪುರಕ್ಕೆ ಹೋಗುವ ರೈಲು ಇಂಡಿ ರೋಡ್ ಮುಟ್ಟುವ ಮೊದಲು ಲಚ್ಯಾಣದಲ್ಲಿ ನಿಲ್ಲುತ್ತದೆ. ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಊರು. ಸುತ್ತ ನಿಂಬೆ ತೋಟ, ತೊಗರಿ, ಜೋಳದ ಹೊಲ. ಅಲ್ಲಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಒಂದು ಮುಂಜಾನೆ ನಾನು ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹಿರಿಯರು ಆಗಷ್ಟೇ ಪ್ರಿಂಟ್ ಆದ ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಓದುತ್ತಿದ್ದರು.

"ತಮ್ಮಾ, ನಂಬರ್ ಸರಿ ಐತಿ. ಸರ್ವೇನ ತಪ್ಪೈತಲ್ಲೋ."

ಹಾಳೆಯಲ್ಲಿ 'ಸರ್ವೆ ನಂಬರ್' ಇರಬೇಕಾದಲ್ಲಿ 'ಸವೆರ್ ನಂಬರ್' ಎಂದಿತ್ತು. ಮೇಲ್ಗಡೆ 'ಅರ್ಜಿ' ಇರಬೇಕಾದಲ್ಲಿ 'ಅಜಿರ್'. ಅದಕ್ಕೂ ಮೇಲೆ, ದಪ್ಪ ಅಕ್ಷರದಲ್ಲಿ, 'ಕನಾರ್ಟಕ'. ಅಂಗಡಿಯ ಹುಡುಗ ಬಾಲ್‌ಪೆನ್ ತೆಗೆದು ಮೂರನ್ನೂ ತಿದ್ದಿದ. ಹಿರಿಯರಿಗೆ ಸಮಾಧಾನ ಆಗಲಿಲ್ಲ. ಹೊಲದ ಕಾಗದದ ಮೇಲೆ ತಿದ್ದುಪಡಿ ಇದ್ದರೆ ಕಚೇರಿಯಲ್ಲಿ ಏನೆನ್ನುತ್ತಾರೋ ಎಂಬ ಅವರ ಅಳುಕು ಸುಳ್ಳಲ್ಲ.

"ಕಾಕಾ, ಇದು ಕಂಪ್ಯೂಟರ್ ಮಾಡೂದ್ರೀ" ಎಂದ ಹುಡುಗ, ನನ್ನ ಕಡೆ ತಿರುಗಿ, "ಸರ್, ಇದರ ಹೊಸಾದು ಬಂದೈತ್ರೀ. ಇಂಡ್ಯಾಗಿನ ನಮ್ಮ ಗೆಳ್ಯಾನ ಅಂಗಡ್ಯಾಗ ಬರೋಬ್ಬರಿ ಬರ್ತೈತಿ. ನಂದಷ್ಟ ಅಪ್‌ಡೇಟ್ ಆಗವಲ್ದ್ರೀ" ಎಂದ.

ಆ ಒಂದು ಮಾತಿನ ಹಿಂದೆ ಎಷ್ಟು ಸಂಗತಿಗಳಿವೆ ಎಂಬುದನ್ನು ಈ ಅಧ್ಯಾಯದಲ್ಲಿ ಬಿಡಿಸಿ ನೋಡೋಣ.

ಮೊದಲು ಆ ತಪ್ಪು ಅಕ್ಷರದ ಕಥೆ. ಹಿರಿಯರ ಅರ್ಜಿಯನ್ನು ಯಾರೋ ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿಕೊಟ್ಟಿದ್ದರು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಇವೆರಡೂ ಕನ್ನಡವನ್ನು ಕಂಪ್ಯೂಟರಿಗೆ ತಂದ ತಂತ್ರಾಂಶಗಳು. ಅವುಗಳ ಹಳೆಯ ಫಾಂಟುಗಳಲ್ಲಿ ಒಂದು ಉಪಾಯವಿತ್ತು. ಕಂಪ್ಯೂಟರಿಗೆ ಆಗ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರಗಳ ಸಂಕೇತಗಳು ಮಾತ್ರ. ಆ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದರು. 'ನ' ಅಕ್ಷರದ ತಲೆಕಟ್ಟಿಲ್ಲದ ಭಾಗ ಕೂತಿರುವುದು ಬ್ರಿಟಿಷ್ ಪೌಂಡ್ ನಾಣ್ಯದ ಗುರುತಿನ ಜಾಗದಲ್ಲಿ. 'ಕ'ದ ಮೈ ಇರುವುದು ದೊಡ್ಡ 'ಪಿ' ಅಕ್ಷರದ ಜಾಗದಲ್ಲಿ. ಫಾಂಟು ಇದ್ದರೆ 'ಕನ್ನಡ' ಕಾಣುತ್ತದೆ. ಫಾಂಟು ಇಲ್ಲದ ಕಡೆ ಅದೇ ಪದ 'ಪಿ', ಪೌಂಡ್ ಗುರುತು, ತಲೆಮೇಲೆ ಗೆರೆ ಹೊತ್ತ 'ಎ'ಗಳ ಸಂತೆಯಾಗುತ್ತದೆ. ಇಂದಿನ ಜಾಲತಾಣಗಳ ಅರ್ಜಿ ಪೆಟ್ಟಿಗೆಗಳು ಬಯಸುವುದು ಯುನಿಕೋಡ್; ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಉಂಟು. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಪರಿವರ್ತನೆ ಬೇಕೇ ಬೇಕು.

ಪರಿವರ್ತನೆಯಲ್ಲಿ ತೊಡಕು ಕೊಡುವುದು ಅರ್ಕಾವತ್ತು. ಕಣ್ಣಿಗೆ ಅದು ಅಕ್ಷರದ ಬಲಕ್ಕೆ ಕಾಣುತ್ತದೆ, ಬಾಯಲ್ಲಿ ಅಕ್ಷರದ ಮೊದಲೇ ಬರುತ್ತದೆ. ಹಳೆಯ ಫಾಂಟು ಕಣ್ಣಿನ ಕ್ರಮ ಹಿಡಿಯುತ್ತದೆ: ಅ, ಜಿ, ಆಮೇಲೆ ಅರ್ಕಾವತ್ತು. ಯುನಿಕೋಡ್ ಬಾಯಿಯ ಕ್ರಮ ಹಿಡಿಯುತ್ತದೆ: ಅ, ರ್, ಜಿ. ಪರಿವರ್ತಿಸುವ ಸ್ಕ್ರಿಪ್ಟು ಇದನ್ನು ಗಮನಿಸದೆ ಎಡದಿಂದ ಬಲಕ್ಕೆ ಅಕ್ಷರ ಬದಲಿಸುತ್ತ ಹೋದರೆ 'ಅರ್ಜಿ' ಹೋಗಿ 'ಅಜಿರ್' ಆಗುತ್ತದೆ; 'ಕರ್ನಾಟಕ'ದ ಅರ್ಕಾವತ್ತು ಮುಂದಿನ 'ಟ'ದ ಹೆಗಲೇರಿ 'ಕನಾರ್ಟಕ' ಆಗುತ್ತದೆ. ಈ ತಪ್ಪನ್ನು ನೀವು ಸುದ್ದಿಗಳಲ್ಲಿ, ಆಹ್ವಾನ ಪತ್ರಿಕೆಗಳಲ್ಲಿ ಎಷ್ಟೋ ಸಲ ಕಂಡಿರುತ್ತೀರಿ. ಬರೆದವರಿಗೆ ಕನ್ನಡ ಬಾರದೆ ಆದದ್ದಲ್ಲ ಅದು; ಎಲ್ಲೋ ಒಂದು ಹಳೆಯ ಪರಿವರ್ತಕ ಇನ್ನೂ ಓಡುತ್ತಿದೆ ಎಂದರ್ಥ.

ಹುಡುಗನ ಬಳಿಯಿದ್ದದ್ದೂ ಅಂಥ ಹಳೆಯ ಪ್ರತಿ. ಬರೆದವರು ತಪ್ಪು ತಿದ್ದಿ ಹೊಸ ಆವೃತ್ತಿ ಬಿಟ್ಟಿದ್ದರು. ಅದು ಇಂಡಿಯವರೆಗೆ ಬಂದಿತ್ತು. ಲಚ್ಯಾಣಕ್ಕೆ ಬಂದಿರಲಿಲ್ಲ.

ಅವನ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಮೂರು ಅಂತಸ್ತುಗಳಿದ್ದವು. ಕೆಳಗೆ ಕ್ರೋಮ್ ಬ್ರೌಸರ್. ಅದರ ಮೇಲೆ ಟ್ಯಾಂಪರ್‌ಮಂಕಿ ಎಂಬ ಆಡ್‌ಆನ್, ಅಂದರೆ ಬ್ರೌಸರಿಗೆ ಹೊರಗಿನಿಂದ ಜೋಡಿಸಿದ ಸಣ್ಣ ತಂತ್ರಾಂಶ. ಅದರ ಮೇಲೆ, ಆ ಆಡ್‌ಆನ್‌ನ ಹೊಟ್ಟೆಯೊಳಗೆ, ಪರಿವರ್ತಕ ಸ್ಕ್ರಿಪ್ಟು. ಬೇರೆಯವರ ಜಾಲಪುಟದ ಮೇಲೆ ನಮ್ಮದೊಂದು ಪುಟ್ಟ ಸ್ಕ್ರಿಪ್ಟು ಓಡಿಸಿ ನಮಗೆ ಬೇಕಾದ ಅನುಕೂಲ ಮಾಡಿಕೊಳ್ಳುವ ಈ ಪದ್ಧತಿ 2004ರ ಕೊನೆಗೆ ಆರನ್ ಬೂಡ್‌ಮನ್ ಎಂಬವರು ಫೈರ್‌ಫಾಕ್ಸ್‌ಗಾಗಿ ಬರೆದ ಗ್ರೀಸ್‌ಮಂಕಿಯಿಂದ ಹರಡಿತು. ಟ್ಯಾಂಪರ್‌ಮಂಕಿ, ವಯಲೆಂಟ್‌ಮಂಕಿ ಅದೇ ವಂಶದವು. ಮೂರು ಅಂತಸ್ತಿಗೂ ಅಪ್‌ಡೇಟ್ ಬರುವ ದಾರಿ ಬೇರೆ ಬೇರೆ. ಬ್ರೌಸರ್ ತನ್ನ ಕಂಪನಿಯಿಂದ ತರಿಸಿಕೊಳ್ಳುತ್ತದೆ, ಆಡ್‌ಆನ್ ಬ್ರೌಸರಿನ ಜಾಲದಂಗಡಿಯಿಂದ ಬರುತ್ತದೆ, ಸ್ಕ್ರಿಪ್ಟು ಅದನ್ನು ಬರೆದವರು ಇಟ್ಟ ವಿಳಾಸದಿಂದ. 'ಅಪ್‌ಡೇಟ್ ಆಗವಲ್ದು' ಎಂದಾಗ ಮೊದಲು ಕೇಳಬೇಕಾದ್ದು, ಯಾವ ಅಂತಸ್ತು?

ಇದಕ್ಕಿಂತ ಆಳದ ಮಾತೊಂದಿದೆ. ಅಪ್‌ಡೇಟ್ ನಿಂತಾಗ ಏನೋ ಕೆಟ್ಟಿದೆ ಎಂದು ನಾವು ಭಾವಿಸುತ್ತೇವೆ. ಬಹುಪಾಲು ಸಲ ಏನೂ ಕೆಟ್ಟಿರುವುದಿಲ್ಲ, ಬ್ರೌಸರ್ ಒಪ್ಪಿರುವುದಿಲ್ಲ. ಹೊಸ ಪ್ರತಿಯೊಂದು ಬಾಗಿಲಿಗೆ ಬಂದಾಗ ಅದು ಎಲ್ಲಿಂದ ಬಂದಿತು, ಯಾರು ಕಳಿಸಿದರು, ಕಳಿಸಿದವರ ಅಧಿಕಾರದ ಅವಧಿ ಇವತ್ತಿಗೆ ಇದೆಯೇ, ನಿಜಕ್ಕೂ ನನ್ನಲ್ಲಿರುವುದಕ್ಕಿಂತ ಹೊಸದೇ ಎಂದು ಅದು ಕೇಳುತ್ತದೆ. ಒಂದಕ್ಕೆ ಉತ್ತರ ಸಿಗದಿದ್ದರೂ ಬಾಗಿಲು ಹಾಕಿಕೊಳ್ಳುತ್ತದೆ. ಇಲ್ಲದಿದ್ದರೆ ಕಳ್ಳನೊಬ್ಬ 'ನಾನೇ ಹೊಸ ಆವೃತ್ತಿ' ಎಂದು ಒಳಗೆ ಬಂದು, ನೀವು ಬ್ಯಾಂಕಿನ ಪುಟದಲ್ಲಿ ಒತ್ತಿದ ಪ್ರತಿ ಅಕ್ಷರವನ್ನೂ ಓದಬಲ್ಲ. ಈ ಅನುಮಾನ ಬೇಕು. ಸಂಕಟವಿರುವುದು, ಒಪ್ಪದಿದ್ದಾಗ ಅದು ಬಾಯಿಬಿಟ್ಟು ಹೇಳುವುದಿಲ್ಲ ಎಂಬಲ್ಲಿ. ಹಿನ್ನೆಲೆಯಲ್ಲಿ ಕೇಳುತ್ತದೆ, ಹಿನ್ನೆಲೆಯಲ್ಲೇ ತಿರಸ್ಕರಿಸುತ್ತದೆ. ಹಳೆಯದು ಓಡುತ್ತಲೇ ಇರುತ್ತದೆ, ಕಾಗದದ ಮೇಲೆ 'ಸವೆರ್' ಬೀಳುತ್ತಲೇ ಇರುತ್ತದೆ.

ಹುಡುಗನ ಸ್ಟೂಲಿನ ಮೇಲೆ ಕೂತು ನಾನು ಮೊದಲು ನೋಡಿದ್ದು ಪರದೆಯ ಬಲತುದಿಯ ಕೆಳಮೂಲೆ. ತಾರೀಖು ಸರಿಯಿತ್ತು. ಆದರೂ ಕೇಳಿದೆ. "ತಾರೀಖ ದಿನಾ ಮುಂಜಾನೆ ನಾನ ಹಾಕ್ತೀನ್ರೀ" ಎಂದ. "ಹಾಕದಿದ್ರ ಒಂದೂ ಸೈಟ್ ತೆರಿಯಂಗಿಲ್ಲ." ಹಾಕದಿದ್ದರೆ ಎಷ್ಟನೇ ಇಸವಿ ತೋರಿಸುತ್ತದೆ ಎಂದೆ. ಹನ್ನೆರಡು ಎಂದ. ಪ್ರತಿ ಮುಂಜಾನೆ ಆ ಕಂಪ್ಯೂಟರ್ 2012ರಲ್ಲಿ ಏಳುತ್ತಿತ್ತು.

ಮದರ್‌ಬೋರ್ಡಿನ ಮೇಲೆ ಒಂದು ಗುಂಡನೆಯ ಸೆಲ್ ಇರುತ್ತದೆ. ಅದರ ಮೈಮೇಲೆ ಸಿಆರ್2032 ಎಂದು ಕೊರೆದಿರುತ್ತಾರೆ. ಆ ಅಂಕಿಯಲ್ಲೇ ಅಳತೆ ಇದೆ: ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಮೂರು ವೋಲ್ಟಿನ ಈ ಲಿಥಿಯಂ ಸೆಲ್ಲಿನ ಕೆಲಸ, ಕರೆಂಟ್ ಇಲ್ಲದಾಗಲೂ ಒಂದು ಪುಟ್ಟ ಗಡಿಯಾರವನ್ನು ಓಡಿಸುವುದು. ಗಡಿಯಾರದ ಎದೆಬಡಿತ ಒಂದು ಸ್ಫಟಿಕದ್ದು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಯಾಕೆ ಈ ವಿಚಿತ್ರ ಸಂಖ್ಯೆ? ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ. ಹದಿನೈದು ಎರಡುಗಳ ಗುಣಲಬ್ಧ ಇದು. ಹಾಗಾಗಿ ಸರಳವಾದ ಸರ್ಕ್ಯೂಟು ಅದನ್ನು ಹದಿನೈದು ಸಲ ಅರ್ಧ ಅರ್ಧ ಮಾಡಿದರೆ ಸೆಕೆಂಡಿಗೆ ಸರಿಯಾಗಿ ಒಂದು ಬಡಿತ ಉಳಿಯುತ್ತದೆ. ಕೈಗಡಿಯಾರದಲ್ಲಿರುವುದೂ ಇದೇ ಸ್ಫಟಿಕ. ಕೆಲವು ವರ್ಷ ಕಳೆದು ಸೆಲ್ ಸತ್ತರೆ, ಕರೆಂಟ್ ಹೋದ ಕ್ಷಣ ಗಡಿಯಾರ ನಿಲ್ಲುತ್ತದೆ. ಮತ್ತೆ ಬಂದಾಗ ತಯಾರಿಸಿದವರು ಬರೆದಿಟ್ಟ ಮೂಲ ತಾರೀಖಿನಿಂದ ಎಣಿಕೆ ಶುರು. ಹುಡುಗನ ಯಂತ್ರಕ್ಕೆ ಯುಪಿಎಸ್ ಇರಲಿಲ್ಲ. ಊರಲ್ಲಿ ಕರೆಂಟ್ ಹೋದಾಗೆಲ್ಲ 2012.

ತಾರೀಖು ತಪ್ಪಿದರೆ ಅಪ್‌ಡೇಟಿಗೇನು? ಬ್ರೌಸರ್ ಯಾವ ಸರ್ವರಿನ ಜೊತೆ ಮಾತಾಡಿದರೂ ಮೊದಲು ಅದರ ಪ್ರಮಾಣಪತ್ರ ನೋಡುತ್ತದೆ. ಆ ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 2012ರಲ್ಲಿ ನಿಂತು ನೋಡುವ ಬ್ರೌಸರಿಗೆ ಈಗಿನ ಪತ್ರಗಳೆಲ್ಲ ಇನ್ನೂ ಹುಟ್ಟದ ಪತ್ರಗಳು. ಹುಡುಗ ಮುಂಜಾನೆ ಯಂತ್ರ ಹಚ್ಚುತ್ತಾನೆ, ಬ್ರೌಸರ್ ತೆರೆಯುತ್ತಾನೆ. ಅದು ಏಳುತ್ತಲೇ ಹಿನ್ನೆಲೆಯಲ್ಲಿ ಅಪ್‌ಡೇಟ್ ಕೇಳಲು ಹೋಗಿ ಪತ್ರ ನಂಬದೆ ವಾಪಸು ಬರುತ್ತದೆ. ಆಮೇಲೆ ಅವನಿಗೆ ತಾರೀಖಿನ ನೆನಪಾಗುತ್ತದೆ, ಸರಿಪಡಿಸುತ್ತಾನೆ, ಸೈಟುಗಳು ತೆರೆಯುತ್ತವೆ. ಬ್ರೌಸರ್ ಮತ್ತೆ ಕೇಳುವುದು ಕೆಲವು ತಾಸು ಕಳೆದ ಮೇಲೆ. ಅಷ್ಟರಲ್ಲಿ ಕರೆಂಟ್ ಹೋಗಿ ಬಂದಿರುತ್ತದೆ. ತಾರೀಖು ಸರಿಯಿದ್ದಾಗ ಕೇಳುವುದಿಲ್ಲ, ಕೇಳಿದಾಗ ತಾರೀಖು ಸರಿಯಿರುವುದಿಲ್ಲ. ದಿನಗಳು ಹೀಗೇ ಉರುಳಿದ್ದವು. ಅವನ ಗೆಳೆಯನ ಅಂಗಡಿಗೂ ಇವನದಕ್ಕೂ ಇದ್ದ ಮೊದಲ ವ್ಯತ್ಯಾಸ ಒಂದು ಗುಂಡು ಸೆಲ್.

ಇದೇ ಪ್ರಮಾಣಪತ್ರದ ವಿಷಯ ಒಮ್ಮೆ ಇಡೀ ಜಗತ್ತಿಗೆ ಬಡಿದಿತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಡಿಯಾರ ಸರಿಯಿದ್ದೂ ಆಡ್‌ಆನ್‌ಗಳು ಹೇಗೆ ಮಲಗುತ್ತವೆ ಎಂಬುದು ಅದರಿಂದ ತಿಳಿಯುತ್ತದೆ.

ನಮ್ಮ ಕಡೆ ಒಂದು ದಾಖಲೆ ಹೇಗೆ ನಂಬಿಕೆ ಗಳಿಸುತ್ತದೆ ನೋಡಿ. ಕೆಳಗೆ ತಲಾಟಿಯ ಸಹಿ. ತಲಾಟಿಯನ್ನು ನಂಬುವುದು ಯಾಕೆ? ತಹಶೀಲ್ದಾರರ ಶಿಕ್ಕಾ ಅದರ ಮೇಲಿದೆ. ತಹಶೀಲ್ದಾರರನ್ನು ನಂಬುವುದು ಸರಕಾರ ಅವರಿಗೆ ಅಧಿಕಾರ ಕೊಟ್ಟಿದೆ ಎಂದು. ಫೈರ್‌ಫಾಕ್ಸಿನ ಆಡ್‌ಆನ್‌ಗಳಿಗೂ ಇಂಥದೇ ಸರಪಳಿ. ಆಡ್‌ಆನ್‌ಗೆ ಒಂದು ಸಹಿ. ಆ ಸಹಿಗೆ ಬಲ ಕೊಡುವ ನಡುವಿನ ಪ್ರಮಾಣಪತ್ರ. ಅದಕ್ಕೆ ಬಲ ಕೊಡುವ ಮೂಲ ಪ್ರಮಾಣಪತ್ರ, ಅದು ಬ್ರೌಸರಿನ ಒಳಗೇ ಇರುತ್ತದೆ. 2016ರ ಆಗಸ್ಟ್‌ನಲ್ಲಿ ಬಂದ 48ನೇ ಆವೃತ್ತಿಯಿಂದಾಚೆ, ಸಹಿಯಿಲ್ಲದ ಆಡ್‌ಆನ್ ಅನ್ನು ಸಾಮಾನ್ಯ ಫೈರ್‌ಫಾಕ್ಸ್ ಒಳಬಿಡುವುದೇ ಇಲ್ಲ.

2019ರ ಮೇ 4, ಶನಿವಾರ. ನಮ್ಮ ಸಮಯ ಮುಂಜಾನೆ ಐದೂವರೆಯ ಸುಮಾರಿಗೆ ಆ ನಡುವಿನ ಪತ್ರದ ಅವಧಿ ಮುಗಿಯಿತು. ನವೀಕರಿಸಬೇಕಾದವರ ಗಮನದಿಂದ ಅದು ತಪ್ಪಿಹೋಗಿತ್ತು. ಫೈರ್‌ಫಾಕ್ಸ್ ದಿನಕ್ಕೊಮ್ಮೆ ತನ್ನಲ್ಲಿರುವ ಆಡ್‌ಆನ್‌ಗಳ ಸಹಿ ತಪಾಸಣೆ ಮಾಡುತ್ತದೆ. ಯಾರ ಬ್ರೌಸರ್ ಆಗಷ್ಟೇ ತಪಾಸಣೆಗೆ ಕೂತಿತೋ ಅವರ ಆಡ್‌ಆನ್‌ಗಳು ಆ ಕ್ಷಣವೇ ಆರಿದವು. ಒಂದು ತಾಸು ಮೊದಲು ತಪಾಸಣೆ ಮುಗಿಸಿದ್ದವರಿಗೆ ಇನ್ನೂ ಇಪ್ಪತ್ತಮೂರು ತಾಸಿನ ಬಿಡುವು. ಒಂದೇ ಮನೆಯ ಎರಡು ಕಂಪ್ಯೂಟರುಗಳಲ್ಲಿ ಒಂದು ಸರಿ, ಒಂದು ಖಾಲಿ. ಹೊಸದಾಗಿ ಹಾಕಿಕೊಳ್ಳಲು ಹೋದರೆ ಅದೂ ಆಗದು. ಕನ್ನಡ ಟೈಪು ಮಾಡುವ ಆಡ್‌ಆನ್ ಇರಲಿ, ಜಾಹೀರಾತು ತಡೆಯುವುದಿರಲಿ, ಪಾಸ್‌ವರ್ಡ್ ಕಾಯುವುದಿರಲಿ, ಎಲ್ಲಕ್ಕೂ ಒಂದೇ ಗತಿ.

ಆಗ ಕೆಲವರು ಕಂಡುಕೊಂಡ ತಾತ್ಕಾಲಿಕ ಉಪಾಯ ಕಂಪ್ಯೂಟರಿನ ತಾರೀಖು ಹಿಂದಕ್ಕೆ ತಿರುಗಿಸುವುದು. ಲಚ್ಯಾಣದ ಹುಡುಗನಿಗೆ ಯಾವುದು ರೋಗವೋ ಅದು ಇವರಿಗೆ ಮದ್ದಾಯಿತು.

ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದವರು ಮಾಡಿದ ಪರಿಹಾರ ನನಗೆ ಇಂದಿಗೂ ಮೆಚ್ಚುಗೆ. ಸಾವಿರಾರು ಆಡ್‌ಆನ್‌ಗಳಿಗೆ ಹೊಸ ಸಹಿ ಹಾಕಿ, ಪ್ರತಿಯೊಬ್ಬರಿಗೂ ಮುಟ್ಟಿಸುವುದು ದಿನಗಳ ಕೆಲಸ. ಅದರ ಬದಲು ಅದೇ ಹೆಸರು, ಅದೇ ಕೀಲಿ ಇರುವ ನಡುವಿನ ಪತ್ರವೊಂದನ್ನು ಹೊಸ ಅವಧಿಯೊಂದಿಗೆ ತಯಾರಿಸಿದರು. ಕೀಲಿ ಅದೇ ಆದ್ದರಿಂದ ಹಳೆಯ ಸಹಿಗಳೆಲ್ಲ ಅದರಡಿ ಮತ್ತೆ ಸಿಂಧುವಾದವು. ತಹಶೀಲ್ದಾರರ ನೇಮಕ ನವೀಕರಣವಾದೊಡನೆ ತಲಾಟಿ ಹಿಂದೆ ಕೊಟ್ಟ ದಾಖಲೆಗಳೆಲ್ಲ ಜೀವ ಪಡೆದಂತೆ. ಹೊಸ ಪತ್ರವನ್ನು ಬಳಕೆದಾರರಿಗೆ ಬೇಗ ತಲುಪಿಸಲು, ಪ್ರಯೋಗಗಳಿಗಾಗಿ ಇದ್ದ ಇನ್ನೊಂದು ದಾರಿ ಹಿಡಿದರು. ಖಾಸಗಿತನಕ್ಕಾಗಿ ಆ ದಾರಿ ಮುಚ್ಚಿಟ್ಟುಕೊಂಡಿದ್ದವರು ಮೇ 5ರಂದು ಬಂದ 66.0.4 ಆವೃತ್ತಿಯವರೆಗೆ ಕಾಯಬೇಕಾಯಿತು. ಪರಿಹಾರಕ್ಕಾಗಿ ಆ ದಾರಿ ತೆರೆದವರ ಮಾಹಿತಿ ತಮ್ಮಲ್ಲಿ ಉಳಿಯಬಾರದೆಂದು ಮೇ 4ರಿಂದ 11ರವರೆಗೆ ಸಂಗ್ರಹವಾದ ಬಳಕೆಯ ಅಂಕಿಅಂಶಗಳನ್ನು ಎಲ್ಲ ಬಳಕೆದಾರರ ಲೆಕ್ಕದಲ್ಲೂ ಅಳಿಸಿಹಾಕುತ್ತೇವೆ ಎಂದು ಮೊಜಿಲ್ಲಾ ಪ್ರಕಟಿಸಿತು. ತಪ್ಪು ಮಾಡಿದ ಮೇಲೆ ನಡೆದುಕೊಳ್ಳಬೇಕಾದ ರೀತಿ ಅದು.

ಮೂಲ ಪ್ರಮಾಣಪತ್ರಕ್ಕೂ ಅವಧಿ ಇದೆ. 2025ರ ಮಾರ್ಚ್ 14ರಂದು ಹಳೆಯ ಮೂಲಪತ್ರವೊಂದರ ಅವಧಿ ಮುಗಿದಾಗ, 128ನೇ ಆವೃತ್ತಿಗಿಂತ ಹಳೆಯ ಫೈರ್‌ಫಾಕ್ಸ್ ಇಟ್ಟುಕೊಂಡವರಿಗೆ ಆಡ್‌ಆನ್‌ಗಳು ಕೈಕೊಡುವ ಸ್ಥಿತಿ ಬಂತು. ದೀರ್ಘಾವಧಿ ಆವೃತ್ತಿಯಾದರೆ 115.13 ಅಥವಾ ಅದಕ್ಕಿಂತ ಹೊಸದು ಬೇಕಿತ್ತು. ಈ ಸಲ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದರು. ಆದರೆ ಹಳ್ಳಿಯ ಅಂಗಡಿಯಲ್ಲಿ ಹಳೆಯ ಆವೃತ್ತಿಯ ಮುಂದೆ ಕೂತವನಿಗೆ ಆ ಎಚ್ಚರಿಕೆ ಯಾವ ಬಾಗಿಲಿನಿಂದ ಬರಬೇಕು?

ಲಚ್ಯಾಣಕ್ಕೆ ವಾಪಸು ಬರೋಣ. ಗಡಿಯಾರಗಳನ್ನು ರಿಪೇರಿ ಮಾಡುವವರ ಬಳಿ ಸೆಲ್ ಸಿಕ್ಕಿತು. ಸ್ವಿಚ್ ತೆಗೆದು, ವಯರು ಕಿತ್ತು, ಡಬ್ಬದ ಬದಿಯ ತಗಡು ಬಿಚ್ಚಿದೆವು. ಒಳಗೆ ಧೂಳಿನ ಬೂರು. ಹುಡುಗ ಉಗುರಿನಿಂದ ಚಿಕ್ಕ ಕೊಕ್ಕೆ ಸರಿಸಿದ, ಹಳೆಯ ಸೆಲ್ ಟಣ್ಣನೆ ಹಾರಿ ಹೊರಬಿತ್ತು. ಅಧಿಕ ಚಿಹ್ನೆ ಮೇಲೆ ಬರುವಂತೆ ಹೊಸದನ್ನು ಒತ್ತಿ ಕೂರಿಸಿ, ತಾರೀಖು ಹಾಕಿ, ಬೇಕೆಂತಲೇ ಮತ್ತೊಮ್ಮೆ ವಯರು ಕಿತ್ತು ಹಚ್ಚಿದೆವು. ತಾರೀಖು ನಿಂತಿತು.

ಆಡ್‌ಆನ್‌ಗಳಿಗೆ ಕ್ರೋಮ್ ಎಕ್ಸ್‌ಟೆನ್ಷನ್ ಎನ್ನುತ್ತದೆ. ಆ ಎಕ್ಸ್‌ಟೆನ್ಷನ್ ಪುಟಕ್ಕೆ ಹೋಗಿ, ಬಲಮೂಲೆಯ ಡೆವಲಪರ್ ಮೋಡ್ ಹಚ್ಚಿದರೆ ಅಪ್‌ಡೇಟ್ ಎಂಬ ಗುಂಡಿ ಕಾಣಿಸಿಕೊಳ್ಳುತ್ತದೆ. ಒತ್ತಿದೆವು. ಟ್ಯಾಂಪರ್‌ಮಂಕಿ ಹೊಸದಾಯಿತು. ನಡುವಿನ ಅಂತಸ್ತು ಮುಗಿಯಿತು. ಆದರೆ ಸ್ಕ್ರಿಪ್ಟು ಹಳೆಯದೇ! ಹುಡುಗನ ಮುಖ ಸಪ್ಪಗಾಯಿತು. ನನಗೆ ಅದರಲ್ಲಿ ಅಚ್ಚರಿ ಇರಲಿಲ್ಲ. ಇಂಥ ಕೆಲಸದಲ್ಲಿ ಒಂದು ತಪ್ಪಿನ ಹಿಂದೆ ಇನ್ನೊಂದು ಅಡಗಿರುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎಲ್ಲವನ್ನೂ ಕಿತ್ತು ಮತ್ತೆ ಹಾಕಿದರೆ ಸರಿಹೋದರೂ ಹೋದೀತು, ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಅದೇ ಪಾಡು.

ಸ್ಕ್ರಿಪ್ಟಿನ ನೆತ್ತಿಯ ಮೇಲೆ ಕೆಲವು ಸಾಲುಗಳಿರುತ್ತವೆ. ಹೆಸರು, ಯಾವ ಪುಟಗಳಲ್ಲಿ ಓಡಬೇಕು, ಆವೃತ್ತಿಯ ಅಂಕಿ, ಹೊಸದು ಸಿಗುವ ವಿಳಾಸ. ಟ್ಯಾಂಪರ್‌ಮಂಕಿ ಆಗಾಗ ಆ ವಿಳಾಸಕ್ಕೆ ಹೋಗಿ ಅಲ್ಲಿಯ ಆವೃತ್ತಿಯ ಅಂಕಿಯನ್ನು ಇಲ್ಲಿಯದರ ಜೊತೆ ಹೋಲಿಸುತ್ತದೆ, ಅಲ್ಲಿಯದು ದೊಡ್ಡದಿದ್ದರೆ ತರುತ್ತದೆ. ವಿಳಾಸದ ಸಾಲು ಇಲ್ಲದಿದ್ದರೆ, ಮೊದಲ ಸಲ ಎಲ್ಲಿಂದ ತಂದಿತ್ತೋ ಅಲ್ಲಿಗೇ ಹೋಗಿ ಕೇಳುತ್ತದೆ. ಹುಡುಗನ ಸ್ಕ್ರಿಪ್ಟಿನಲ್ಲಿ ವಿಳಾಸದ ಸಾಲು ಇರಲಿಲ್ಲ. ಮೊದಲ ಸಲ ಬಂದದ್ದು ಪೆನ್‌ಡ್ರೈವಿನಲ್ಲಿ. ತವರೇ ಇಲ್ಲದ ಸ್ಕ್ರಿಪ್ಟು ಅದು. ಎಲ್ಲಿಗೆ ಹೋಗಿ ಕೇಳಬೇಕು? ನಮ್ಮ ಊರುಗಳಲ್ಲಿ ತಂತ್ರಾಂಶ ಹಂಚಿಕೆಯಾಗುವುದೇ ಹೀಗೆ, ಪೆನ್‌ಡ್ರೈವಿನಿಂದ, ವಾಟ್ಸ್ಆ್ಯಪಿನಿಂದ. ಕೊಟ್ಟವರ ಪ್ರೀತಿ ದೊಡ್ಡದು, ಆದರೆ ಹಾಗೆ ಕೊಟ್ಟದ್ದು ಕೊಟ್ಟ ದಿನದಲ್ಲೇ ನಿಂತುಬಿಡುತ್ತದೆ.

ಆವೃತ್ತಿಯ ಅಂಕಿಯ ಬಗ್ಗೆ ಹುಡುಗ ಒಂದು ಪ್ರಶ್ನೆ ಕೇಳಿದ. ಅವನದು 1.9, ಗೆಳೆಯನದು 1.10. "ಒಂದು ಪಾಯಿಂಟ್ ಒಂಬತ್ತು ದೊಡ್ಡದಲ್ರೀ?" ನಾನು ಉತ್ತರ ಹೇಳುವ ಮೊದಲೇ, ಇನ್ನೂ ಅಲ್ಲೇ ಕೂತಿದ್ದ ಹಿರಿಯರು ಕೈಲಿದ್ದ ಉತಾರ ತೋರಿಸಿದರು. ಅದರಲ್ಲಿ ಹೊಲದ ಅಳತೆ ಎಕರೆ, ಗುಂಟೆ. ನಡುವೆ ಚುಕ್ಕಿ ಹಾಕಿ ನಾಲ್ಕು ಚುಕ್ಕಿ ಹತ್ತು ಎಂದು ಬರೆದರೆ ನಾಲ್ಕು ಎಕರೆ ಹತ್ತು ಗುಂಟೆ. ನಾಲ್ಕು ಚುಕ್ಕಿ ಒಂಬತ್ತಕ್ಕಿಂತ ಒಂದು ಗುಂಟೆ ಹೆಚ್ಚು. ಅಲ್ಲಿ ಚುಕ್ಕಿ ದಶಮಾಂಶವಲ್ಲ, ಎರಡು ಬೇರೆ ಬೇರೆ ಅಳತೆಗಳ ನಡುವಿನ ಬದು. ಆವೃತ್ತಿಯ ಚುಕ್ಕಿಯೂ ಅದೇ. ಎಡಗಡೆಯವನ್ನು ಮೊದಲು ಹೋಲಿಸು, ಸಮ ಬಂದರೆ ಮುಂದಿನವನ್ನು ಹೋಲಿಸು. ಇಷ್ಟು ಚೊಕ್ಕ ಉದಾಹರಣೆಯನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ಸ್ಕ್ರಿಪ್ಟು ಬರೆಯುವವರೂ ಇಲ್ಲಿ ಎಡವುತ್ತಾರೆ. ಒಳಗಿನ ತಪ್ಪು ತಿದ್ದಿ, ನೆತ್ತಿಯ ಅಂಕಿ ಬದಲಿಸಲು ಮರೆಯುತ್ತಾರೆ. ಸಾವಿರ ಜನರ ಬ್ರೌಸರ್ ಬಂದು ಕೇಳಿ, 'ಅದೇ ಇದೆ' ಎಂದು ಹೋಗುತ್ತದೆ. ಇನ್ನು ಕೆಲವರು ಆಡ್‌ಆನ್‌ಗೆ ತಾರೀಖನ್ನೇ ಆವೃತ್ತಿ ಮಾಡಿ 20240517 ಎಂದು ಬರೆಯುತ್ತಾರೆ. ಕ್ರೋಮ್ ಅದನ್ನು ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಒಂದೊಂದು ಭಾಗವೂ 65,535 ದಾಟುವಂತಿಲ್ಲ, ಹದಿನಾರು ಎರಡುಗಳ ಗುಣಲಬ್ಧಕ್ಕೆ ಒಂದು ಕಡಿಮೆ. ಚುಕ್ಕಿ ಹಾಕಿ 2024.5.17 ಎಂದರೆ ನಡೆಯುತ್ತದೆ. ಎಲ್ಲ ಸರಿಯಿದ್ದೂ ಹಳೆಯದೇ ಬರುವ ಇನ್ನೊಂದು ಸಂದರ್ಭ ಕ್ಯಾಶೆಯದು. ದಾರಿ ನಡುವಿನ ಸರ್ವರುಗಳು ಹಿಂದೆ ಕೊಟ್ಟ ಪ್ರತಿಯನ್ನು ಸ್ವಲ್ಪ ಹೊತ್ತು ತಮ್ಮಲ್ಲಿಟ್ಟುಕೊಂಡು ಅದನ್ನೇ ಕೊಡುತ್ತವೆ. ಹೊಸದು ಬಿಟ್ಟ ಕೂಡಲೇ ಬರಲಿಲ್ಲವೆಂದರೆ ಒಂದು ಚಹಾ ಕುಡಿದು ಬಂದು ನೋಡುವುದು ಒಳ್ಳೆಯದು.

ಸ್ಕ್ರಿಪ್ಟಿನೊಳಗೆ ನೀವೇ ಕೈಯಾಡಿಸಿದ್ದರೆ ಇನ್ನೊಂದು ಮಾತು ನೆನಪಿರಲಿ. ಕೆಲವು ಮಂಕಿಗಳು ಅದನ್ನು ನಿಮ್ಮ ಸ್ವಂತದ್ದೆಂದು ಬಗೆದು ಅಪ್‌ಡೇಟ್ ನಿಲ್ಲಿಸುತ್ತವೆ, ಇನ್ನು ಕೆಲವು ನಿಮ್ಮ ತಿದ್ದುಪಡಿಯ ಮೇಲೆ ಹೊಸದನ್ನು ಹಾಸಿಬಿಡುತ್ತವೆ. ಎರಡರಲ್ಲೂ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕು. ಅನುಮತಿಯ ವಿಷಯವೂ ಇದೆ: ಹೊಸ ಆವೃತ್ತಿ ಹೆಚ್ಚಿನ ಅಧಿಕಾರ ಕೇಳಿದರೆ, ಫೈರ್‌ಫಾಕ್ಸ್ ನೀವು ಹೂಂ ಅನ್ನುವವರೆಗೆ ಹಳೆಯದನ್ನೇ ಓಡಿಸುತ್ತದೆ. ಕ್ರೋಮ್ ಆ ಎಕ್ಸ್‌ಟೆನ್ಷನ್ನನ್ನೇ ಆರಿಸಿಟ್ಟು ನಿಮ್ಮ ಒಪ್ಪಿಗೆಗೆ ಕಾಯುತ್ತದೆ. ಒಂದರಲ್ಲಿ ಹಳೆಯದು ಉಳಿಯುತ್ತದೆ, ಇನ್ನೊಂದರಲ್ಲಿ ಮಾಯವಾಗುತ್ತದೆ. ಕಾರಣ ಮಾತ್ರ ಒಂದೇ.

ಪೆನ್‌ಡ್ರೈವಿನ ಸ್ಕ್ರಿಪ್ಟನ್ನು ತೆಗೆದು, ಬರೆದವರ ಪುಟದಿಂದಲೇ ಹೊಸದನ್ನು ಹಾಕಿದೆವು. 1.10 ಎಂದು ತೋರಿಸಿತು. ಹುಡುಗ ಹಿರಿಯರ ಅರ್ಜಿಯನ್ನು ಪೆಟ್ಟಿಗೆಗೆ ಅಂಟಿಸಿದ. ಈ ಸಲ 'ಅಜಿರ್' ಕೂಡ ಬರಲಿಲ್ಲ. 'ಪಿ', ಪೌಂಡ್ ಗುರುತು, ತಲೆಗೆರೆಯ 'ಎ'. ಪರಿವರ್ತನೆಯೇ ಆಗಲಿಲ್ಲ!

ಇದನ್ನು ಅರ್ಥಮಾಡಿಕೊಳ್ಳಲು ಊರಿನ ರೈಲು ಹಳಿ ಸಾಕು. ಹೋಟಗಿ–ಗದಗ ಮಾರ್ಗ ಬಹುಕಾಲ ಮೀಟರ್‌ಗೇಜ್ ಆಗಿತ್ತು, ಹಳಿಗಳ ನಡುವೆ 1,000 ಮಿಲಿಮೀಟರ್. ಆಮೇಲೆ ಬ್ರಾಡ್‌ಗೇಜ್ ಆಯಿತು, 1,676 ಮಿಲಿಮೀಟರ್. ಹಳೆಯ ಡಬ್ಬಿಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊಸ ಹಳಿಯ ಮೇಲೆ ಓಡವು. ಬ್ರೌಸರುಗಳೂ ಆಗಾಗ ಹಳಿ ಅಗಲಿಸುತ್ತವೆ. 2017ರ ನವೆಂಬರ್ 14ರಂದು ಫೈರ್‌ಫಾಕ್ಸ್ 57 ಬಂದಾಗ ಹಳೆಯ ಮಾದರಿಯ ಆಡ್‌ಆನ್‌ಗಳೆಲ್ಲ ಒಂದೇ ದಿನ ನಿಂತವು. ಯಾವುದರ ಲೇಖಕರು ಹೊಸ ಮಾದರಿಗೆ ಬರೆದುಕೊಟ್ಟರೋ ಅದು ಮಾತ್ರ ಉಳಿಯಿತು. ಕ್ರೋಮ್ 2024ರ ಜೂನ್‌ನಿಂದ ಮ್ಯಾನಿಫೆಸ್ಟ್ ವಿ2 ಎಂಬ ಹಳೆಯ ಹಳಿಯನ್ನು ಹಂತಹಂತವಾಗಿ ಕೀಳತೊಡಗಿತು. ಹೊಸ ಹಳಿ ಮ್ಯಾನಿಫೆಸ್ಟ್ ವಿ3ರಲ್ಲಿ, ಬಳಕೆದಾರ ತಾನಾಗಿ ಒಪ್ಪದೆ ಹೊರಗಿನ ಸ್ಕ್ರಿಪ್ಟು ಓಡುವಂತಿಲ್ಲ. 138ನೇ ಆವೃತ್ತಿಯಿಂದ ಅದಕ್ಕಾಗಿ ಇಂಥ ಪ್ರತಿ ಎಕ್ಸ್‌ಟೆನ್ಷನ್ನಿನ ವಿವರ ಪುಟದಲ್ಲಿ ಬಳಕೆದಾರ ಸ್ಕ್ರಿಪ್ಟುಗಳಿಗೆ ಅವಕಾಶ ಕೊಡುವ ಸಣ್ಣ ಸ್ವಿಚ್ಚಿದೆ. ಅದು ಮೊದಲಿಂದ ಆರಿರುತ್ತದೆ. ಗೆಳೆಯನ ಅಂಗಡಿಯಲ್ಲಿ ಯಾರೋ ಹಚ್ಚಿದ್ದರು, ಇಲ್ಲಿ ಹಚ್ಚಿರಲಿಲ್ಲ. ಹಳೆಯ ಟ್ಯಾಂಪರ್‌ಮಂಕಿ ಹಳೆಯ ಹಳಿಯ ಮೇಲೇ ಓಡುತ್ತಿದ್ದರಿಂದ ಇಷ್ಟು ದಿನ ಅದರ ಗೊಡವೆ ಬಂದಿರಲಿಲ್ಲ. ಹಚ್ಚಿ, ಪುಟವನ್ನು ಮತ್ತೆ ತೆರೆದೆವು.

ಅಂಗಡಿಯ ಒಳಮೂಲೆಯಲ್ಲಿ ಇನ್ನೊಂದು ಕಂಪ್ಯೂಟರ್ ಇತ್ತು, ವಿಂಡೋಸ್ 7ರದು. ಅದಕ್ಕೂ ಇದನ್ನೇ ಮಾಡಿಕೊಡಿ ಎಂದ ಹುಡುಗ. ಅಲ್ಲಿ ಸೆಲ್ ಬದಲಿಸಿ ಉಪಯೋಗವಿಲ್ಲ. ವಿಂಡೋಸ್ 7ರ ಮೇಲೆ ಓಡುವ ಕೊನೆಯ ಕ್ರೋಮ್ 109ನೆಯದು. 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಕನಿಷ್ಠ ವಿಂಡೋಸ್ 10 ಬೇಕು. ಅಪ್‌ಡೇಟ್ ಕೇಳುವಾಗ ಬ್ರೌಸರ್ ತನ್ನ ಆವೃತ್ತಿಯನ್ನೂ ಹೇಳುತ್ತದೆ; 109 ಎಂದೊಡನೆ, ಅದಕ್ಕೆ ಹೊಂದದ ಹೊಸ ಆಡ್‌ಆನ್ ಅನ್ನು ಜಾಲದಂಗಡಿ ಕೊಡುವುದಿಲ್ಲ. ತಪ್ಪು ಸಂದೇಶವೂ ಇಲ್ಲ, 'ಹೊಸದೇನೂ ಇಲ್ಲ' ಎಂಬ ಮೌನ. ಅಂಥ ಯಂತ್ರಕ್ಕೆ ಆಗ ಉಳಿದಿದ್ದ ದಾರಿ ಫೈರ್‌ಫಾಕ್ಸಿನ 115ನೇ ದೀರ್ಘಾವಧಿ ಆವೃತ್ತಿ, ವಿಂಡೋಸ್ 7ನ್ನು ಕೈಬಿಡದ ಕೊನೆಯದು. ಅದನ್ನು ಹೇಗೆ ಹಾಕಬೇಕೆಂದು ಅವನಿಗೆ ಬರೆದುಕೊಟ್ಟೆ.

ಅಷ್ಟರಲ್ಲಿ ಮೊದಲ ಯಂತ್ರದ ಪ್ರಿಂಟರ್ ಹಾಳೆ ಉಗುಳಿತು. ಹಿರಿಯರು ಕನ್ನಡಕ ಏರಿಸಿ ಬೆಳಕಿಗೆ ಹಿಡಿದರು. ಮೊದಲು ತಮ್ಮ ಹೆಸರು, ಆಮೇಲೆ ಊರು, ಆಮೇಲೆ ಬೆರಳಿಟ್ಟು, ಬಾಯಿಬಿಟ್ಟು: "ಸರ್... ವೆ." ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಪೆನ್ನಿನಿಂದ ತಿದ್ದಿದ್ದ ಹಳೆಯ ಹಾಳೆಯನ್ನು ಹುಡುಗನ ಕೈಗೆ ಕೊಟ್ಟು ಸ್ಟೇಶನ್ ಕಡೆ ನಡೆದರು. ಹುಡುಗ ಅದರ ಹಿಂಬದಿಯಲ್ಲಿ ಸೆಲ್ಲಿನ ನಂಬರ್ ಬರೆದು, ತಾರೀಖು ಹಾಕಿ, ಮಾನಿಟರಿನ ಅಂಚಿಗೆ ಅಂಟಿಸಿದ.